ಹೊಡೆದಾಟದ ಆಟ: ಮಕ್ಕಳಿಗೆ ಮಾರಬಹುದೇ?

ಓದೋಣ, ಚರ್ಚಿಸೋಣ



ಮೊಬೈಲ್ ಹಿಡಿದ ಮಗ ಮೂಲೆಯಲ್ಲಿ ಕುಳಿತಿದ್ದಾನೆ. ಢಂ ಢಂ ಅಂತ ಸದ್ದು. ಊಟಕ್ಕೆ ಕರೆದರೆ "ಒಂದು ನಿಮಿಷ ಅಮ್ಮಾ, ಇನ್ನು ಇಬ್ಬರನ್ನು ಕೊಲ್ಲಲಿಕ್ಕುಂಟು" ಅನ್ನುತ್ತಾನೆ. ನಿಮಗೆ ಎದೆ ಝಲ್ಲೆನ್ನುತ್ತದೆ. ಅವನಿಗೆ ಏನೂ ಇಲ್ಲ. ಅದು ಆಟ. ಪರದೆಯ ಮೇಲೆ ಆಡುವ ಈ ಆಟಕ್ಕೆ ವಿಡಿಯೋ ಗೇಮ್ ಎನ್ನುತ್ತಾರೆ.

ಇಂಥ ಆಟವನ್ನು ಮಕ್ಕಳಿಗೆ ಕೊಡಲೇಬಾರದು, ಸರಕಾರ ಕಾನೂನು ಮಾಡಬೇಕು ಅಂತ ಕೆಲವರು ಹೇಳುತ್ತಾರೆ. ಆಟ ಆಡಿದ ಮಾತ್ರಕ್ಕೆ ಯಾರೂ ಕೊಲೆಗಾರ ಆಗುವುದಿಲ್ಲ, ಅದು ತಂದೆತಾಯಿ ನೋಡಿಕೊಳ್ಳುವ ವಿಷಯ ಅಂತ ಇನ್ನು ಕೆಲವರು. ಈ ವಾದ ಅಮೆರಿಕದಲ್ಲಿ ದೇಶದ ಅತಿ ದೊಡ್ಡ ಕೋರ್ಟಿನ ತನಕ ಹೋಯಿತು. ಆ ಕಥೆಯನ್ನು ಇವತ್ತು ಓದೋಣ. ಓದುವಾಗ ಒಂದು ಕೆಲಸ ಮಾಡಿ. ಒಂದು ಕಡೆಯ ಮಾತು ಮುಗಿದ ಕೂಡಲೇ "ಹೌದು, ಇದೇ ಸರಿ" ಅನ್ನಬೇಡಿ. ಇನ್ನೊಂದು ಕಡೆಯವರು ಏನು ಹೇಳುತ್ತಾರೆ ನೋಡಿ.

ಕ್ಯಾಲಿಫೋರ್ನಿಯಾದ ಕಾನೂನು

ನಮಗೆ ಕೇರಳ ಹೇಗೋ ಅಮೆರಿಕದವರಿಗೆ ಕ್ಯಾಲಿಫೋರ್ನಿಯಾ ಹಾಗೆ, ಒಂದು ರಾಜ್ಯ. ಅಲ್ಲಿ ಲೆಲ್ಯಾಂಡ್ ಯೀ ಎಂಬ ಶಾಸಕರು ಒಂದು ಮಸೂದೆ ತಂದರು. ಮಸೂದೆ ಎಂದರೆ ಕಾನೂನಿನ ಕರಡು. ಯೀ ಅವರು ಮಕ್ಕಳ ಮನಸ್ಸಿನ ಬಗ್ಗೆ ಓದಿದವರು. 2005ರ ಅಕ್ಟೋಬರಿನಲ್ಲಿ ರಾಜ್ಯದ ಗವರ್ನರ್ ಅದಕ್ಕೆ ಸಹಿ ಹಾಕಿದರು. ಅಲ್ಲಿ ಗವರ್ನರನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ಅಧಿಕಾರ ನಮ್ಮ ಮುಖ್ಯಮಂತ್ರಿಯ ಹಾಗೆ. ಆಗ ಗವರ್ನರ್ ಆಗಿದ್ದವರು ಆರ್ನಾಲ್ಡ್ ಶ್ವಾರ್ಜ್‌ನೆಗರ್. ಅವರು ಮೊದಲು ಸಿನಿಮಾ ನಟ. ಕೈಯಲ್ಲಿ ದೊಡ್ಡ ದೊಡ್ಡ ಬಂದೂಕು ಹಿಡಿದು ಹೊಡೆದಾಡುವ ಸಿನಿಮಾಗಳಿಂದಲೇ ಹೆಸರು ಮಾಡಿದವರು! ಇದನ್ನು ಹೇಳಿ ಜನ ಆಗ ನಕ್ಕದ್ದೂ ಉಂಟು.

ಕಾನೂನು ಹೇಳಿದ್ದು ಇಷ್ಟು. ಮನುಷ್ಯರ ಆಕೃತಿಯನ್ನು ಕೊಲ್ಲುವ, ಕೈಕಾಲು ಕತ್ತರಿಸುವ, ಅತ್ಯಾಚಾರ ಮಾಡುವ ಆಟ ಇದ್ದರೆ, ಅದು ಮಿತಿಮೀರಿದ್ದರೆ, 18 ವರ್ಷದ ಕೆಳಗಿನವರಿಗೆ ಅಂಗಡಿಯವನು ಮಾರಬಾರದು. ಬಾಡಿಗೆಗೂ ಕೊಡಬಾರದು. ಡಬ್ಬದ ಮೇಲೆ 18 ಎಂದು ದೊಡ್ಡದಾಗಿ ಬರೆದಿರಬೇಕು. ತಪ್ಪಿದರೆ 1000 ಡಾಲರ್ ತನಕ ದಂಡ. ಆಗಿನ ಲೆಕ್ಕದಲ್ಲಿ ಸುಮಾರು 45 ಸಾವಿರ ರೂಪಾಯಿ. ಆದರೆ ಅಪ್ಪ ಅಮ್ಮ ತಾವೇ ತೆಗೆದು ಮಗನಿಗೆ ಕೊಟ್ಟರೆ ಅದಕ್ಕೆ ಅಡ್ಡಿ ಇರಲಿಲ್ಲ.

ಇದರಲ್ಲಿ ತಪ್ಪೇನುಂಟು ಅಂತ ನೀವು ಕೇಳಬಹುದು. ನಮ್ಮಲ್ಲೂ ಇಂಥದ್ದು ಉಂಟಲ್ಲ. ಬೀಡಿ ಕಟ್ಟುವ ಅಕ್ಕಂದಿರಿಗೆ ಗೊತ್ತು. 2003ರ ಕಾನೂನಿನ ಪ್ರಕಾರ 18 ವರ್ಷದ ಕೆಳಗಿನವರಿಗೆ ಬೀಡಿ, ಸಿಗರೇಟು, ತಂಬಾಕು ಮಾರಬಾರದು. ಗೂಡಂಗಡಿಯ ಮುಂದೆ ಬೋರ್ಡು ಇರಬೇಕು. 'ಎ' ಸರ್ಟಿಫಿಕೇಟಿನ ಸಿನಿಮಾಕ್ಕೆ ಮಕ್ಕಳನ್ನು ಬಿಡಬಾರದು. ಹಾಗಾದರೆ ಆಟಕ್ಕೂ ಯಾಕೆ ಬೇಡ?

ಕೋರ್ಟು ಏನು ಹೇಳಿತು?

ಆಟ ತಯಾರಿಸುವ ಮತ್ತು ಮಾರುವ ಕಂಪನಿಗಳವರು ಕೋರ್ಟಿಗೆ ಹೋದರು. ಕಾನೂನು ಜಾರಿಗೆ ಬರುವ ಮೊದಲೇ ಅದಕ್ಕೆ ತಡೆ ಬಿತ್ತು. ಒಂದು ದಿನವೂ ಅದು ನಡೆಯಲಿಲ್ಲ. ಕೆಳಗಿನ ಕೋರ್ಟು, ಮೇಲಿನ ಕೋರ್ಟು ಎಂದು ಅಲೆದು ಕೊನೆಗೆ 2011ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಟ್ಟು 9 ನ್ಯಾಯಾಧೀಶರು. ಕಾನೂನು ಬೇಡ ಎಂದವರು 7. ಬೇಕು ಎಂದವರು 2. ಕಾನೂನು ಬಿದ್ದುಹೋಯಿತು.

ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಅವರ ವಾದ ಹೀಗೆ. ಬೀಡಿ ಒಂದು ವಸ್ತು. ಆದರೆ ಆಟ ಪುಸ್ತಕದ ಹಾಗೆ, ನಾಟಕದ ಹಾಗೆ. ಅದರಲ್ಲಿ ಕಥೆ ಉಂಟು, ಪಾತ್ರ ಉಂಟು, ಮಾತು ಉಂಟು. ಕಥೆ ಹೇಳುವುದಕ್ಕೆ ಸರಕಾರ ಸುಮ್ಮನೆ ಅಡ್ಡ ಬರಬಾರದು. ಇದನ್ನು ವಾಕ್ ಸ್ವಾತಂತ್ರ್ಯ ಎನ್ನುತ್ತಾರೆ. ಮಕ್ಕಳಿಗೂ ಕೇಳುವ, ಓದುವ ಹಕ್ಕು ಉಂಟು.

ಅವರು ಇನ್ನೊಂದು ಮಾತು ಹೇಳಿದರು. ಮಕ್ಕಳ ಕಥೆಗಳಲ್ಲಿ ರಕ್ತ ಇಲ್ಲವೇ? ಅವರ ಕಡೆಯ ಅಜ್ಜಿಕಥೆಗಳಲ್ಲಿ ಕೆಟ್ಟ ರಾಣಿಗೆ ಕೆಂಪಗೆ ಕಾದ ಚಪ್ಪಲಿ ಹಾಕಿ ಸಾಯುವ ತನಕ ಕುಣಿಸುತ್ತಾರೆ. ಇಬ್ಬರು ಸಣ್ಣ ಮಕ್ಕಳು ತಮ್ಮನ್ನು ಹಿಡಿದಿಟ್ಟ ಮುದುಕಿಯನ್ನು ಒಲೆಗೆ ದೂಡಿ ಕೊಲ್ಲುತ್ತಾರೆ. ಇದನ್ನು ಓದಿದ ಮಕ್ಕಳು ಹಾಳಾದರೇ?

ಈ ವಾದ ನಮಗೆ ಬೇಗ ಅರ್ಥ ಆಗುತ್ತದೆ. ಕುಂಬಳೆಯ ಪಾರ್ತಿಸುಬ್ಬ ಹುಟ್ಟಿದ ಸೀಮೆ ನಮ್ಮದು. ನಾವೆಲ್ಲ ಚಿಕ್ಕಂದಿನಲ್ಲಿ ಚೌಕಿಯ ಹತ್ತಿರ ಚಾಪೆ ಹಾಸಿ ಯಕ್ಷಗಾನ ನೋಡಿದವರು. ಭೀಮ ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುತ್ತಾನೆ. ನರಸಿಂಹ ಹಿರಣ್ಯಕಶಿಪುವಿನ ಕರುಳು ತೆಗೆದು ಮಾಲೆ ಹಾಕುತ್ತಾನೆ. ಅದನ್ನು ನೋಡಲಿಕ್ಕೆಂದೇ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸುತ್ತಿದ್ದರು! ಯಾರೂ ಎಬ್ಬಿಸಬೇಡಿ ಎಂದು ಕಾನೂನು ಮಾಡಲಿಲ್ಲ.

"ಅಲ್ಲ ಮಾರಾಯ್ರೇ, ಯಕ್ಷಗಾನದಲ್ಲಿ ಮಗು ನೋಡುತ್ತದೆ ಅಷ್ಟೆ. ಇಲ್ಲಿ ಮಗುವೇ ಗುಂಡು ಹಾರಿಸುತ್ತದೆ. ಎರಡೂ ಒಂದೇಯಾ?" ಎಂದು ನೀವು ಕೇಳಿದರೆ, ಅದು ಒಳ್ಳೆಯ ಪ್ರಶ್ನೆ. ಆ ಕೋರ್ಟಿನಲ್ಲೂ ಕೇಳಿದರು. ಕಥೆ ಓದುವವನೂ ಒಳಗೊಳಗೇ ಆ ವೀರನೇ ಆಗುತ್ತಾನೆ, ಚೆನ್ನಾದ ಕಥೆಯ ಗುಣವೇ ಅದು ಎಂದು ಕೋರ್ಟು ಉತ್ತರ ಕೊಟ್ಟಿತು. ಈ ಉತ್ತರ ನನಗೆ ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಭೀಮನಿಗೆ ಒಂದು ಪ್ರತಿಜ್ಞೆ ಇತ್ತು, ದ್ರೌಪದಿಯ ಕಣ್ಣೀರು ಇತ್ತು. ಭಾಗವತರು ಅದನ್ನು ರಾತ್ರಿಯಿಡೀ ಹಾಡಿ ತಿಳಿಸುತ್ತಾರೆ. ಕೆಲವು ಆಟಗಳಲ್ಲಿ ಕೊಲ್ಲುವುದಕ್ಕೆ ಕಾರಣವೇ ಬೇಡ, ಅಂಕ ಸಿಕ್ಕಿದರೆ ಸಾಕು.

ಇನ್ನು ಹಾನಿಯ ಮಾತು. ಆಟ ಆಡಿದರೆ ಮಕ್ಕಳು ಕ್ರೂರಿಗಳಾಗುತ್ತಾರೆ ಎನ್ನಲು ರಾಜ್ಯದವರು ಕೆಲವು ಅಧ್ಯಯನ ತೋರಿಸಿದರು. ಕೋರ್ಟು ಒಪ್ಪಲಿಲ್ಲ. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದರಿಂದಲೇ ಇನ್ನೊಂದು ಆಯಿತು ಎಂದು ಹೇಳಲಿಕ್ಕಾಗುವುದಿಲ್ಲ. ಮಳೆ ಬಂದಾಗ ಕಪ್ಪೆ ಕೂಗುತ್ತದೆ. ಕಪ್ಪೆ ಕೂಗಿದ್ದರಿಂದ ಮಳೆ ಬಂತೇ? ಸಿಟ್ಟಿನ ಸ್ವಭಾವದ ಹುಡುಗರೇ ಇಂಥ ಆಟವನ್ನು ಹೆಚ್ಚು ಆರಿಸುತ್ತಿರಬಹುದು. ಮತ್ತೆ, ಆ ಅಧ್ಯಯನಗಳಲ್ಲಿ ಕಂಡ ಪರಿಣಾಮವೂ ಸಣ್ಣದು, ಟಿ.ವಿ.ಯ ಕಾರ್ಟೂನ್ ನೋಡಿದರೂ ಅಷ್ಟೇ ಪರಿಣಾಮ ಕಾಣುತ್ತದೆ ಎಂದು ಕೋರ್ಟು ಹೇಳಿತು.

ಒಪ್ಪದವರ ಮಾತು

ಏಳು ಮಂದಿಯೂ ಒಂದೇ ಮನಸ್ಸಿನವರಾಗಿರಲಿಲ್ಲ. ನ್ಯಾಯಮೂರ್ತಿ ಅಲಿಟೊ ಮತ್ತು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಈ ಕಾನೂನಿನಲ್ಲಿ ಯಾವ ಆಟ ಬೇಡ ಎಂಬುದು ಸ್ಪಷ್ಟ ಇಲ್ಲ, ಅದಕ್ಕೇ ಬೇಡ ಅನ್ನುತ್ತೇವೆ ಎಂದರು. ಆದರೆ ಆಟವನ್ನು ಪುಸ್ತಕದ ಹಾಗೆಯೇ ಎಂದು ಅವಸರದಲ್ಲಿ ತಳ್ಳಿಹಾಕಬಾರದು, ಹೊಸ ಯಂತ್ರ ಬಂದ ಹಾಗೆ ಅದು ಬೇರೆಯೇ ಅನುಭವ ಆಗಬಹುದು ಎಂದೂ ಹೇಳಿದರು.

ವಿರೋಧಿಸಿದ ಇಬ್ಬರಲ್ಲಿ ನ್ಯಾಯಮೂರ್ತಿ ಥಾಮಸ್ ಹೇಳಿದ್ದು: ಅಪ್ಪ ಅಮ್ಮನನ್ನು ದಾಟಿ ನೇರ ಮಕ್ಕಳ ಹತ್ತಿರ ಹೋಗಿ ಮಾತಾಡುವ ಹಕ್ಕು ಹೊರಗಿನವರಿಗೆ ಇಲ್ಲ. ನ್ಯಾಯಮೂರ್ತಿ ಬ್ರೇಯರ್ ಹೇಳಿದ್ದು ಇನ್ನೂ ಚುರುಕು. 1968ರಲ್ಲೇ ಅದೇ ಕೋರ್ಟು, ಮಕ್ಕಳಿಗೆ ಬೆತ್ತಲೆ ಚಿತ್ರದ ಪತ್ರಿಕೆ ಮಾರಬಾರದು ಎಂಬ ಕಾನೂನನ್ನು ಒಪ್ಪಿತ್ತು. ಹಾಗಾದರೆ 13 ವರ್ಷದ ಹುಡುಗ ಹೆಂಗಸಿನ ಬೆತ್ತಲೆ ಚಿತ್ರ ಕೊಳ್ಳಬಾರದು, ಆದರೆ ಅದೇ ಹೆಂಗಸನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಕೊಳ್ಳಬಹುದು. ಇದಕ್ಕೇನು ಅರ್ಥ?

ಈ ಪ್ರಶ್ನೆಗೆ ಸಮಾಧಾನದ ಉತ್ತರ ನನಗಂತೂ ತೀರ್ಪಿನಲ್ಲಿ ಸಿಗಲಿಲ್ಲ. ಹಾಗಂತ ಕಾನೂನು ಸರಿ ಇತ್ತು ಅಂತಲೂ ಅಲ್ಲ. "ಮಿತಿಮೀರಿದ" ಎಂದರೆ ಯಾವುದು ಎಂದು ಕೌಂಟರಿನಲ್ಲಿ ನಿಂತ ಹುಡುಗ ಹೇಗೆ ತೀರ್ಮಾನಿಸಬೇಕು?

ಕಾನೂನು ಬಿದ್ದರೂ ಅಲ್ಲಿ ಒಂದು ಏರ್ಪಾಡು ಉಂಟು. 1994ರಲ್ಲಿ ಕಂಪನಿಗಳೇ ಸೇರಿ ಡಬ್ಬದ ಮೇಲೆ ವಯಸ್ಸಿನ ಗುರುತು ಹಾಕಲು ಶುರುಮಾಡಿದವು. ನೀವಾಗಿ ಮಾಡದಿದ್ದರೆ ನಾವು ಮಾಡುತ್ತೇವೆ ಎಂದು ಸಂಸತ್ತು ಹೆದರಿಸಿದ ಮೇಲೆ ಮಾಡಿದ್ದು ಅದು! ಅಲ್ಲಿನ ಸರಕಾರದ ಒಂದು ಆಯೋಗ ಮಕ್ಕಳನ್ನೇ ಅಂಗಡಿಗೆ ಕಳಿಸಿ ಪರೀಕ್ಷೆ ಮಾಡಿತು. 17 ದಾಟಿದವರಿಗೆ ಮಾತ್ರ ಎಂದು ಬರೆದ ಆಟ 2000ದಲ್ಲಿ 100ರಲ್ಲಿ 85 ಮಕ್ಕಳಿಗೆ ಸಿಕ್ಕಿತು. 2011ಕ್ಕೆ 13 ಮಕ್ಕಳಿಗೆ ಮಾತ್ರ. ದಂಡದ ಕಾನೂನು ಇಲ್ಲದೆಯೇ ಇಷ್ಟು ಇಳಿಯಿತು.

ಜರ್ಮನಿಯ ದಾರಿ ಬೇರೆ. ಅಲ್ಲಿ 2003ರಿಂದ ವಯಸ್ಸಿನ ಗುರುತಿಗೆ ಕಾನೂನಿನ ಬಲ ಉಂಟು, ಅಂಗಡಿಯವನು ಮೀರಿದರೆ ದಂಡ. ಚೀನಾದವರು 2021ರಲ್ಲಿ ಇನ್ನೂ ಬಿಗಿ ಮಾಡಿದರು. ಮಕ್ಕಳು ಆನ್‌ಲೈನ್ ಆಟ ಆಡುವುದು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ, ರಾತ್ರಿ 8ರಿಂದ 9ರ ತನಕ ಮಾತ್ರ.

ನಮ್ಮಲ್ಲಿ ಹೇಗೆ?

ವಾಕ್ ಸ್ವಾತಂತ್ರ್ಯ ನಮ್ಮ ಸಂವಿಧಾನದ 19ನೇ ವಿಧಿಯಲ್ಲೂ ಉಂಟು. ಆದರೆ ಸಭ್ಯತೆ, ನೈತಿಕತೆಯಂಥ ಕಾರಣಕ್ಕೆ ನ್ಯಾಯವಾದ ಮಿತಿ ಹಾಕಬಹುದು ಎಂದು ಅದೇ ವಿಧಿಯಲ್ಲಿ ಬರೆದಿದೆ. ಸಿನಿಮಾಕ್ಕೆ ಸೆನ್ಸಾರ್ ಇರುವುದು ಹಾಗೆ. ವಿಡಿಯೋ ಗೇಮ್‌ಗೆ ಅಂಥ ಸೆನ್ಸಾರ್ ಮಂಡಳಿ ಇಲ್ಲ.

2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟೆಯ ಪೊಲೀಸರು ಪಬ್‌ಜಿ ಆಟವನ್ನು ಕೆಲವು ವಾರ ನಿಷೇಧಿಸಿದರು. ಆಡುತ್ತಿದ್ದ ಹುಡುಗರನ್ನೇ ಹಿಡಿದರು. ನೋಡಿ, ಕ್ಯಾಲಿಫೋರ್ನಿಯಾದಲ್ಲಿ ದಂಡ ಮಾರಿದವನಿಗೆ. ಇಲ್ಲಿ ಕೇಸು ಆಡಿದವನ ಮೇಲೆ! ಇದು ನ್ಯಾಯವೇ? 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಲ್ಲಿಸಿದಾಗ ಪಬ್‌ಜಿಯೂ ಹೋಯಿತು. ಆದರೆ ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿತು. ಅದೂ ಹಣದ ಮಾತು, ಹೊಡೆದಾಟದ ಮಾತು ಅಲ್ಲ.

ಇನ್ನೊಂದು ತೊಡಕು ಉಂಟು. ಕ್ಯಾಲಿಫೋರ್ನಿಯಾದ ಕಾನೂನು ಹುಟ್ಟಿದಾಗ ಆಟ ಡಬ್ಬದಲ್ಲಿ ಅಂಗಡಿಗೆ ಬರುತ್ತಿತ್ತು. ನಮ್ಮ ಮನೆಗೆ ಆಟ ಫೋನಿನಲ್ಲೇ ಬರುತ್ತದೆ. ಎಷ್ಟೋ ಆಟಕ್ಕೆ ದುಡ್ಡೂ ಬೇಡ. ಸಿಮ್ ಯಾರ ಹೆಸರಿನಲ್ಲಿ? ಅಮ್ಮನ ಹೆಸರಿನಲ್ಲಿ. ಕಂಪನಿಯ ಲೆಕ್ಕದಲ್ಲಿ ಆಟ ಆಡುತ್ತಿರುವುದು 40 ವರ್ಷದ ಹೆಂಗಸು! ಇಲ್ಲಿ ಅಂಗಡಿಯವ ಯಾರು, ಯಾರ ವಯಸ್ಸು ಕೇಳಬೇಕು?

ಕಾನೂನು ಬರುವ ತನಕ ಕಾಯದೆ ನೀವು ಇವತ್ತೇ ಮಾಡಬಹುದಾದದ್ದೂ ಉಂಟು. ನಿಮಗೆ ಈಗ ಅಂಕಿ ಓದಲು ಬರುತ್ತದೆ. ಫೋನಿನ ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂಬ ಗುರುತು ಹುಡುಕಿ. 16+ ಎಂದರೆ 16 ದಾಟಿದವರಿಗೆ ಎಂದು ಅರ್ಥ. ಇನ್ನು ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಆಮೇಲೆ ಫ್ಯಾಮಿಲಿ, ಅದರಲ್ಲಿ ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ. ಒಂದು ಗುಟ್ಟಿನ ನಂಬರು ಕೇಳುತ್ತದೆ. ಅದನ್ನು ಮಗನಿಗೆ ಹೇಳಬೇಡಿ, ಮಗನ ಹುಟ್ಟಿದ ವರ್ಷವನ್ನೂ ಇಡಬೇಡಿ. ಬೇಕಾದ ವಯಸ್ಸು ಆರಿಸಿದರೆ ಅದಕ್ಕಿಂತ ದೊಡ್ಡವರ ಆಟ ಹೊಸದಾಗಿ ಇಳಿಸಲು ಆಗುವುದಿಲ್ಲ. ಮೊದಲೇ ಇಳಿಸಿದ್ದು ಹಾಗೆಯೇ ಇರುತ್ತದೆ, ಅದನ್ನು ನೀವೇ ನೋಡಿ ತೆಗೆಯಬೇಕು. ಕಷ್ಟವಾದರೆ ಪ್ರೇರಕರನ್ನು ಕೇಳಿ.

ಕೇಂದ್ರದಲ್ಲಿ ಚರ್ಚಿಸಿ

ಎರಡು ಗುಂಪಾಗಿ ಕುಳಿತುಕೊಳ್ಳಿ. ಒಂದು ಗುಂಪು ಕಾನೂನು ಬೇಕು ಎನ್ನಲಿ, ಇನ್ನೊಂದು ಬೇಡ ಎನ್ನಲಿ. ಹತ್ತು ನಿಮಿಷ ಆದ ಮೇಲೆ ಗುಂಪು ಬದಲಿಸಿ, ಎದುರಿನವರ ವಾದವನ್ನೇ ಮಾಡಿ.

ಯಕ್ಷಗಾನದ ವಧೆಗೂ ಆಟದ ಕೊಲೆಗೂ ಏನು ವ್ಯತ್ಯಾಸ? ಏನಾದರೂ ಉಂಟೇ?

ದಂಡ ಯಾರಿಗೆ ಬೀಳಬೇಕು: ಆಟ ಮಾಡಿದವನಿಗೆ, ಕೊಟ್ಟವನಿಗೆ, ಆಡಿದವನಿಗೆ, ಫೋನ್ ಕೊಟ್ಟ ನಮಗೆ? ನಿಮ್ಮ ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದು, ಮನೆಯ ಮಗನಿಗೋ ಮಗಳಿಗೋ ಓದಿ ಹೇಳಿ. ಅವರು ಏನಂದರು ಎಂಬುದನ್ನು ಐದನೆಯ ಸಾಲಾಗಿ ಬರೆಯಿರಿ.