ಹಳೆ ಸೊಸೈಟಿಯಲ್ಲಿ ಮನೆ ಕೊಳ್ಳುವ ಮುನ್ನ

ಮುಂಬೈಯ ಮುಲುಂಡ್, ಚೆಂಬೂರು ಕಡೆ ಹಳೆಯ ಹೌಸಿಂಗ್ ಸೊಸೈಟಿಯ ಫ್ಲ್ಯಾಟ್ ನೋಡುತ್ತಿದ್ದೀರಾ? ಆಸೆ ತಪ್ಪಲ್ಲ. ಹೊಸ ಟವರುಗಳಿಗಿಂತ ಬೆಲೆ ಸಾಮಾನ್ಯವಾಗಿ ಕಡಿಮೆ, ಕೋಣೆಗಳು ತುಸು ವಿಶಾಲ, ತಿಂಗಳ ಮೇಂಟೆನೆನ್ಸೂ ಹಗುರ. ಆದರೆ ಲಿಫ್ಟ್ ಇಲ್ಲದ ಮೂರನೇ ಮಹಡಿ, ಕಾರು ನಿಲ್ಲಿಸಲು ಜಾಗವಿಲ್ಲದ ಅಂಗಳ, ಮಳೆಗಾಲದಲ್ಲಿ ಸೋರುವ ಗೋಡೆ ಕೂಡ ಜೊತೆಗೇ ಬರಬಹುದು.

ಹೊಸ ಬಣ್ಣಕ್ಕೆ ಮರುಳಾಗಬೇಡಿ, ಕಾಗದಪತ್ರ ಕೇಳಿ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಕಡ್ಡಾಯ. ಆ ವರದಿಯನ್ನು ಓದಿ. ದೊಡ್ಡ ರಿಪೇರಿಗೆಂದು ಸೊಸೈಟಿ ಕೂಡಿಡುವ ಸಿಂಕಿಂಗ್ ಫಂಡ್‌ನಲ್ಲಿ ಹಣ ಎಷ್ಟಿದೆ ನೋಡಿ. ಅದು ಬರಿದಾಗಿದ್ದರೆ ದೊಡ್ಡ ರಿಪೇರಿಯ ಪಾಲು ನಿಮ್ಮ ತಲೆಗೂ ಬರುತ್ತದೆ. ಸೊಸೈಟಿಯ ಷೇರು ಸರ್ಟಿಫಿಕೇಟ್ ಮಾರುವವರ ಹೆಸರಿನಲ್ಲೇ ಇದೆಯೇ, ಬಾಕಿಯಿಲ್ಲವೆಂದು ಸೊಸೈಟಿ ಬರೆದುಕೊಡುತ್ತದೆಯೇ ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಕನ್ವೇಯನ್ಸ್. ನೆಲದ ಹಕ್ಕು ಸೊಸೈಟಿಗೆ ಬಾರದೆ ಬಿಲ್ಡರ್ ಅಥವಾ ಮೂಲ ಮಾಲೀಕರ ಬಳಿಯೇ ಉಳಿದಿದ್ದರೆ ಮುಂದೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಕಗ್ಗಂಟಾಗುತ್ತದೆ.

“ಇನ್ನೆರಡೇ ವರ್ಷ, ಹೊಸ ಕಟ್ಟಡ, ದೊಡ್ಡ ಫ್ಲ್ಯಾಟ್” ಎಂದು ಏಜೆಂಟರು ಹೇಳಿಯಾರು. ಆ ಮಾತಿಗೆ ದುಡ್ಡು ಕೊಡಬೇಡಿ. ಈಗಿರುವ ಮನೆಯಲ್ಲೇ, ಈಗಿರುವ ಸ್ಥಿತಿಯಲ್ಲೇ ಹತ್ತು ವರ್ಷ ನೆಮ್ಮದಿಯಾಗಿ ಇರಬಲ್ಲೆವು ಎನ್ನಿಸಿದರೆ ಮಾತ್ರ ಮುಂಗಡ ಕೊಡಿ.