ಗಾಲಿಕುರ್ಚಿಯಲ್ಲಿ ಕುಳಿತವರ ಮರ್ಯಾದೆ

ಒಬ್ಬರಿಗೆ ಸಹಾಯಮಾಡುವುದು ಬೇರೆ, ಒಬ್ಬರನ್ನು ಸಾಗಿಸುವುದು ಬೇರೆ. ಪೆಟ್ಟಿಗೆಯನ್ನು ಸಾಗಿಸುವವನು ಅದರ ಅನುಮತಿಯನ್ನು ಬೇಡುವುದಿಲ್ಲ; ಮನುಷ್ಯರಿಗೆ ಸಹಾಯಮಾಡುವವನಾದರೋ ಮೊದಲು ಅವರನ್ನೇ ಕೇಳತಕ್ಕದ್ದು. ವಿಮಾನನಿಲ್ದಾಣಗಳಲ್ಲಿ ಈ ಭೇದವು ಎಷ್ಟು ಬೇಗನೆ ಮರೆತುಹೋಗುವುದೆಂಬುದನ್ನು ಇಲ್ಲಿ ವಿಚಾರಿಸೋಣ. ಪರದೇಶದಲ್ಲಿರುವ ಮಗಳನ್ನು ನೋಡಲು ಮುಪ್ಪಿನಲ್ಲಿ ಹೊರಡುವ ತಾಯಿತಂದೆಗಳಿಗೆ ಇದು ದೂರದ ವಿಷಯವಲ್ಲ.

2012ನೆಯ ಇಸವಿಯ ಫೆಬ್ರವರಿ 19ರಂದು ಜೀಜಾ ಘೋಷ್ ಎಂಬ ಮಹಿಳೆಯು ಒಂದು ಸಮ್ಮೇಳನದ ನಿಮಿತ್ತ ಕೋಲ್ಕತ್ತದಿಂದ ಗೋವೆಗೆ ಹೊರಟಿದ್ದರು. ಸೆರೆಬ್ರಲ್ ಪಾಲ್ಸಿಯೆಂಬ ಸ್ಥಿತಿಯಿಂದ ಅವರ ನಡಿಗೆಯೂ ಮಾತೂ ಇತರರಂತಿರಲಿಲ್ಲ. ವಿಮಾನದೊಳಗೆ ತಮ್ಮ ಸ್ಥಳದಲ್ಲಿ ಕುಳಿತಿದ್ದ ಅವರನ್ನು ಸಿಬ್ಬಂದಿಯು ಕೆಳಗಿಳಿಸಿತು. ಅವರು ಸುಮ್ಮನಾಗದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2016ರ ಮೇ 12ರಂದು ನ್ಯಾಯಾಲಯವು ಅವರಿಗೆ 10 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಅಂಗವಿಕಲರಿಗೆ ಸಲ್ಲತಕ್ಕದ್ದು ಕನಿಕರವಲ್ಲ, ಹಕ್ಕು ಎಂಬುದೇ ಆ ತೀರ್ಪಿನ ಸಾರವು.

ಎರಡನೆಯ ಸಂಗತಿಯು ಇನ್ನೂ ದುಃಖಕರವಾದದ್ದು. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ವೃದ್ಧ ದಂಪತಿಗಳು ಬಂದಿಳಿದರು. ಇಬ್ಬರಿಗೂ ಗಾಲಿಕುರ್ಚಿಗಳನ್ನು ಮೊದಲೇ ಕೇಳಿಕೊಂಡಿದ್ದರೂ ದೊರೆತದ್ದು ಒಂದೇ. ಇನ್ನೊಂದಕ್ಕಾಗಿ ಕಾದಿರಬೇಕೆಂದು ಹೇಳಲಾಯಿತು. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಂಬತ್ತು ವರ್ಷದ ಆ ಗಂಡನು ಅವಳ ಜೊತೆಯಲ್ಲಿ ನಡೆದನು. ದಾರಿಯಲ್ಲಿ ಕುಸಿದುಬಿದ್ದು ತೀರಿಕೊಂಡನು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿಗಳ ದಂಡವನ್ನು ಹಾಕಿತು. ಅವನು ಕಾದಿರಬಹುದಿತ್ತೆಂದು ಹೇಳುವವರಿದ್ದಾರೆ. ಆದರೆ ಬಾಳೆಲ್ಲಾ ಜೊತೆಯಾಗಿದ್ದವರು ಅಪರಿಚಿತವಾದ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರಲು ಮನಸ್ಸುಮಾಡುವರೇ? ಕುರ್ಚಿಗಳನ್ನು ಎಣಿಸುವವರು ಇದನ್ನೂ ಎಣಿಸಬೇಕಾಗಿತ್ತು.

ಹಾಗಾದರೆ ನಿಯಮಗಳಿಲ್ಲವೋ? ಇವೆ. ಅಂಗವೈಕಲ್ಯವೊಂದನ್ನೇ ಕಾರಣಮಾಡಿ ಯಾರನ್ನೂ ವಿಮಾನಕ್ಕೆ ಹತ್ತಿಸದಿರಕೂಡದು. ಆರೋಗ್ಯದ ವಿಷಯದಲ್ಲಿ ಸಂಶಯವಿದ್ದರೆ ವೈದ್ಯರು ಪರೀಕ್ಷಿಸಿ ಅಭಿಪ್ರಾಯ ಹೇಳಬೇಕೆಂದು 2022ರಲ್ಲಿ ಸ್ಪಷ್ಟಪಡಿಸಲಾಯಿತು. ಪ್ರಯಾಣಿಕರು 48 ಗಂಟೆಗಳ ಮುಂಚಿತವಾಗಿ ತಮ್ಮ ಅಗತ್ಯವನ್ನು ತಿಳಿಸಬೇಕೆಂಬ ನಿಯಮವೂ ಉಂಟು. ಆದಕಾರಣ ಟಿಕೇಟು ಕೊಳ್ಳುವಾಗಲೇ ಮೆಟ್ಟಿಲೇರಲು ಶಕ್ತಿಯುಂಟೋ ಇಲ್ಲವೋ, ದೂರ ನಡೆಯುವುದು ಮಾತ್ರ ಕಷ್ಟವೋ ಎಂಬುದನ್ನು ಬಿಡಿಸಿ ಹೇಳಿರಿ. ಒಪ್ಪಿಕೊಂಡದ್ದಕ್ಕೆ ಲಿಖಿತ ಉತ್ತರವನ್ನು ಪಡೆದಿಟ್ಟುಕೊಳ್ಳಿರಿ.

ಆದರೂ ನಿಯಮವು ಕುರ್ಚಿಯನ್ನು ತರಿಸೀತೇ ಹೊರತು ವಿನಯವನ್ನು ತರಿಸಲಾರದು. "ಅಮ್ಮನವರಿಗೆ ನಡೆಯಲು ಆಗುತ್ತದೆಯೇ?" ಎಂದು ಕುರ್ಚಿಯಲ್ಲಿರುವ ತಾಯಿಯ ತಲೆಯ ಮೇಲಿಂದ ಮಗಳನ್ನು ಕೇಳುವುದುಂಟು. ಆ ತಾಯಿಯ ಕಾಲು ಸೋತಿದೆ, ಕಿವಿ ಸೋತಿಲ್ಲ, ಬುದ್ಧಿಯೂ ಸೋತಿಲ್ಲ. ಆಗ ಮಗಳು ಮಾಡತಕ್ಕದ್ದು ಒಂದೇ: "ಅವರನ್ನೇ ಕೇಳಿರಿ" ಎಂದು ಮೃದುವಾಗಿ ಹೇಳಿ, ತಾಯಿಯ ಉತ್ತರಕ್ಕೆ ಕಾಯುವುದು. ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿಯೇ ಇದನ್ನು ಅಭ್ಯಾಸಮಾಡಲಿ. ಮನೆಯಲ್ಲಿ ಅಜ್ಜಿಯನ್ನು ಕೇಳಿ ಕೈಹಿಡಿಯಲು ಕಲಿತವಳು, ನಾಳೆ ನಿಲ್ದಾಣದ ಅಧಿಕಾರಿಣಿಯಾದಾಗಲೂ ಕೇಳದೆ ಯಾರ ಕುರ್ಚಿಯನ್ನೂ ತಳ್ಳಲಾರಳು.