ತೊಟ್ಟಿ, ನಳ ಮತ್ತು ತೂಬು: ಬೀಜಗಣಿತದ ಒಂದು ಪಾಠ

ಪ್ರೌಢಶಾಲೆಯ ಗಣಿತದಲ್ಲಿ ವಿದ್ಯಾರ್ಥಿಗಳನ್ನು ಕಂಗೆಡಿಸುವ ಲೆಕ್ಕಗಳಲ್ಲಿ ನಳ ಮತ್ತು ತೊಟ್ಟಿಗಳ ಲೆಕ್ಕವೂ ಒಂದು. ತುಂಬುವ ನಳವನ್ನೂ ಬರಿದು ಮಾಡುವ ತೂಬನ್ನೂ ಒಟ್ಟಿಗೆ ತೆರೆದಿಡುವ ಅವಿವೇಕಿ ಯಾರೆಂದು ಹುಡುಗರು ನಗುವುದುಂಟು. ಆದರೆ ಭೀಮೆಯ ಸೀಮೆಯ ಅಗರಖೇಡದಂಥ ಊರುಗಳಿಗೆ ಇದು ನಗೆಯ ವಿಷಯವಲ್ಲ. ಜಲಾಶಯಕ್ಕೆ ನೀರು ಬರುವುದೂ ಅಲ್ಲಿಂದ ನೀರು ಬಿಡುವುದೂ ಏಕಕಾಲಕ್ಕೆ ನಡೆಯುವ ಕ್ರಿಯೆಗಳು. 2020ರ ಅಕ್ಟೋಬರ್ ತಿಂಗಳಿನಲ್ಲಿ ಭೀಮೆಗೆ ಬಂದ ಮಹಾಪೂರವನ್ನು ಕಂಡವರಿಗೆ ಈ ಲೆಕ್ಕದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಈ ಬಗೆಯ ಪ್ರಶ್ನೆಗಳು ನಮ್ಮ ನಾಡಿಗೆ ಹೊಸವಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ನಾಲ್ಕು ಝರಿಗಳ ಲೆಕ್ಕವಿದೆ. ಅವು ಒಂದು ಕೊಳವನ್ನು ಕ್ರಮವಾಗಿ 1 ದಿನ, 1/2 ದಿನ, 1/3 ದಿನ ಮತ್ತು 1/6 ದಿನಗಳಲ್ಲಿ ತುಂಬುತ್ತವೆ. ಒಂದು ದಿನದಲ್ಲಿ ಅವು ಕ್ರಮವಾಗಿ 1, 2, 3, 6 ಕೊಳಗಳನ್ನು, ಒಟ್ಟು 12 ಕೊಳಗಳನ್ನು ತುಂಬಬಲ್ಲವು. ಆದುದರಿಂದ ನಾಲ್ಕೂ ಕೂಡಿದರೆ ಒಂದು ಕೊಳಕ್ಕೆ 1/12 ದಿನ ಸಾಕು.

ಲೆಕ್ಕದ ಮರ್ಮವೆಲ್ಲ ಇಲ್ಲಿಯೇ ಅಡಗಿದೆ. ಕಾಲವನ್ನು ಕೂಡಿಸಲಾಗದು, ಒಂದು ಗಂಟೆಯ ಕೆಲಸವನ್ನು ಮಾತ್ರ ಕೂಡಿಸಬಹುದು. ಒಂದು ನಳ 6 ಗಂಟೆಗಳಲ್ಲಿ, ಇನ್ನೊಂದು 12 ಗಂಟೆಗಳಲ್ಲಿ ತೊಟ್ಟಿಯನ್ನು ತುಂಬುವುದಾದರೆ, ಎರಡೂ ಕೂಡಿ 18 ಗಂಟೆ ಎಂದು ಬರೆಯುವ ವಿದ್ಯಾರ್ಥಿಯನ್ನು ಗದರಿಸಬೇಕಾಗಿಲ್ಲ. ‘ಎರಡನೆಯ ನಳ ತೆರೆದೊಡನೆ ತೊಟ್ಟಿ ತಡವಾಗಿ ತುಂಬೀತೇ?’ ಎಂದು ಕೇಳಿದರೆ ತಪ್ಪು ಅವನಿಗೇ ಹೊಳೆಯುತ್ತದೆ.

ಈಗ ಪೂರ್ಣ ತೊಟ್ಟಿಯನ್ನು 8 ಗಂಟೆಗಳಲ್ಲಿ ಬರಿದು ಮಾಡುವ ತೂಬೊಂದನ್ನೂ ತೆರೆಯೋಣ. ಬರಿದಾದ ತೊಟ್ಟಿ ತುಂಬಲು x ಗಂಟೆ ಬೇಕೆಂದಿಟ್ಟುಕೊಂಡರೆ,

x/6 + x/12 − x/8 = 1

ಛೇದಗಳ ಲ.ಸಾ.ಅ. 24. ಅದರಿಂದ ಗುಣಿಸಿದರೆ 4x + 2x − 3x = 24; ಅಂದರೆ 3x = 24, x = 8 ಗಂಟೆ. ತಾಳೆ ನೋಡುವುದೂ ಸುಲಭ. 8 ಗಂಟೆಗಳಲ್ಲಿ ಎರಡು ನಳಗಳೂ ಸೇರಿ ಎರಡು ತೊಟ್ಟಿಗಳಷ್ಟು ನೀರು ತರುತ್ತವೆ, ತೂಬು ಒಂದು ತೊಟ್ಟಿಯಷ್ಟನ್ನು ಹೊರಹಾಕುತ್ತದೆ, ಒಂದು ಉಳಿಯುತ್ತದೆ.

ತೂಬು 3 ಗಂಟೆಗಳಲ್ಲಿ ಬರಿದು ಮಾಡುವಂಥದಾದರೆ ಗಂಟೆಯ ಫಲ 1/4 − 1/3 = −1/12. ಈ ಋಣ ಚಿಹ್ನೆಯನ್ನು ಕಂಡು ವಿದ್ಯಾರ್ಥಿ ಅಂಜಬಾರದು. ಬರಿದಾದ ತೊಟ್ಟಿ ಎಂದಿಗೂ ತುಂಬದೆಂದೂ, ತುಂಬಿದ ತೊಟ್ಟಿ 12 ಗಂಟೆಗಳಲ್ಲಿ ಬರಿದಾಗುವುದೆಂದೂ ಅದು ಹೇಳುತ್ತಿದೆ.

ಇದೇ ವಿಚಾರವನ್ನು ಜಲಾಶಯಕ್ಕೆ ಅನ್ವಯಿಸಬಹುದು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ 123.08 ಟಿ.ಎಂ.ಸಿ. ಅಡಿ. ಮಳೆಗಾಲದಲ್ಲಿ ಇಂಥ ಜಲಾಶಯಗಳ ಒಳಹರಿವು, ಹೊರಹರಿವುಗಳು ಪತ್ರಿಕೆಗಳಲ್ಲಿ ಕ್ಯೂಸೆಕ್ ಲೆಕ್ಕದಲ್ಲಿ ಪ್ರಕಟವಾಗುತ್ತವೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, 1 ಲಕ್ಷ ಕ್ಯೂಸೆಕ್ ಹರಿವು ಒಂದು ದಿನದಲ್ಲಿ 8.64 ಟಿ.ಎಂ.ಸಿ. ಅಡಿಯಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಜಲಾಶಯ ತುಂಬಲು 8.64 ಟಿ.ಎಂ.ಸಿ. ಅಡಿ ಬಾಕಿಯಿದೆ, ಒಳಹರಿವು 3 ಲಕ್ಷ, ಹೊರಹರಿವು 1 ಲಕ್ಷ ಕ್ಯೂಸೆಕ್. ಉಳಿಯುವ ಹರಿವು 2 ಲಕ್ಷ; ಆದ್ದರಿಂದ 12 ಗಂಟೆಗಳಲ್ಲಿ ಜಲಾಶಯ ತುಂಬುತ್ತದೆ. ಕೂಡಲೇ ಹೊರಹರಿವನ್ನು 2 ಲಕ್ಷಕ್ಕೆ ಏರಿಸಿದರೆ 24 ಗಂಟೆಗಳ ಅವಕಾಶ ದೊರೆಯುತ್ತದೆ. ಆದರೆ ಈ ನಿರ್ಧಾರ 9 ಗಂಟೆ ತಡವಾದರೆ? ಅಷ್ಟರಲ್ಲಿ 6.48 ತುಂಬಿ, 2.16 ಮಾತ್ರ ಬಾಕಿ. ಉಳಿದ 15 ಗಂಟೆಗಳಿಗೆ ಅದನ್ನು ಹಂಚಿದರೆ ಜಲಾಶಯದಲ್ಲಿ ನಿಲ್ಲಿಸಬಹುದಾದ ಹರಿವು 40,000 ಕ್ಯೂಸೆಕ್ ಮಾತ್ರ. ಉಳಿದ 2,60,000 ಕ್ಯೂಸೆಕ್ಕನ್ನು ನದಿಗೆ ಬಿಡಲೇಬೇಕು. ತಡಮಾಡಿದ್ದಕ್ಕೆ ಕೆಳದಂಡೆಯ ಊರುಗಳು ತೆರುವ ದಂಡ 60,000 ಕ್ಯೂಸೆಕ್. ದನಕರುಗಳನ್ನು ಎತ್ತರಕ್ಕೆ ಸಾಗಿಸಬೇಕೇ, ರಾಶಿಯಾದ ಕಾಳನ್ನು ಒಳಗಿಡಬೇಕೇ ಎಂಬ ಚಿಂತೆಯಲ್ಲಿರುವ ರೈತನಿಗೆ ಈ ಅಂಕಿ ಕೇವಲ ಅಂಕಿಯಲ್ಲ.

ಆದುದರಿಂದ ಶಿಕ್ಷಕರು ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಸಬೇಕು: ಒಂದು ಗಂಟೆಯಲ್ಲಿ ಬಂದದ್ದೆಷ್ಟು? ಹೋದದ್ದೆಷ್ಟು? ಉಳಿದದ್ದೆಷ್ಟು? ಈ ಮೂರಕ್ಕೆ ಉತ್ತರಿಸಬಲ್ಲವನು ಸಮೀಕರಣವನ್ನು ತಾನೇ ಬರೆದುಕೊಳ್ಳುತ್ತಾನೆ. ಪರೀಕ್ಷೆಯ ಅಂಕಗಳು ಒಂದು ವರ್ಷದ ಮಾತು; ಬರುವ ನೀರನ್ನು ಮುಂಚಿತವಾಗಿ ಅಳೆಯುವ ಬುದ್ಧಿ ಊರಿಗೆ ಎಂದೆಂದಿಗೂ ಬೇಕಾದ ಸಂಪತ್ತು.